ಬಾನೆಟ್ಟಿನೊಳಗಿನ ಹೊಗೆಸೊಪ್ಪು

ನನ್ನ ಕಾರಿನ ಏಸಿ ಕೆಟ್ಟದ್ದು ಸರಿಯಾಗಿ ಬೇಸಿಗೆ ಶುರುವಾಗುವ ಹೊತ್ತಿಗೆ. ಹದಿಮೂರು ವರ್ಷದ ಹಳೆಯ ಸಣ್ಣ ಕಾರು. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಗಾಳಿಯೂ ಬರುತ್ತಿತ್ತು, ಆದರೆ ಒಲೆಯ ಮುಂದೆ ಕೂತಾಗ ಮುಖಕ್ಕೆ ಹೊಡೆಯುವಂಥ ಗಾಳಿ. ಚನ್ನಪಟ್ಟಣದಲ್ಲಿ ನಮ್ಮ ಮನೆಯ ಹತ್ತಿರದ ಗ್ಯಾರೇಜಿನವನು ಬಾನೆಟ್ ಎತ್ತಿ, ಸ್ಪ್ಯಾನರಿನಿಂದ ಎರಡು ಸಲ ತಟ್ಟಿ, "ಕಂಪ್ರೆಸರ್ ಹೋಗ್ಬುಟ್ಟೈತೆ ಸಾ, ಹೊಸದೇ ಹಾಕ್ಬೇಕು" ಅಂದ. ಅವನು ತಟ್ಟಿದ್ದು ಕಂಪ್ರೆಸರನ್ನಲ್ಲ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು. ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಿಗೆ ಅಷ್ಟು ಗೊತ್ತಾಗುತ್ತದೆ. ಗೊತ್ತಾದದ್ದನ್ನು ಅವನಿಗೆ ಹೇಳಿಯೂ ಬಿಟ್ಟೆ. ತಪ್ಪು ಹೇಳಿದವನನ್ನು ತಿದ್ದದೆ ಇರಲಾರೆ, ತಿದ್ದಿದ ಮೇಲೆ ಅವನ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳಲಾರೆ. ಇದು ನನಗೆ ಮೊದಲಿನಿಂದ ಇರುವ ರೋಗ. ಕಾರನ್ನು ವಾಪಸ್ ತಂದು ಮನೆ ಮುಂದೆ ನಿಲ್ಲಿಸಿದೆ.

ಅದೇ ವಾರ ಅಕ್ಕೂರಿನಿಂದ ಅಕ್ಕ ಫೋನ್ ಮಾಡಿದಳು.

"ನಿನ್ ಕಾರಲ್ಲಿ ಏಸಿ ಐತಲ್ವೇನಪ್ಪಾ?"

"ಐತೆ" ಅಂದೆ.

"ಚೆನ್ನಾಗ್ ತಣ್ಣಗಾಯ್ತದಾ?"

"ಮಂಜುಗಡ್ಡೆ ಆಯ್ತದೆ."

ಯಾಕೆ ಹಾಗೆ ಹೇಳಿದೆನೋ. ಅಕ್ಕನ ಮುಂದೆ ನನ್ನ ಯಾವ ವಸ್ತುವೂ ಕೆಟ್ಟಿದೆ ಎಂದು ಒಪ್ಪಿಕೊಂಡವನಲ್ಲ. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಏಪ್ರಿಲ್ ಮೊದಲ ವಾರ ಮಾಗಡಿ ಕಡೆಯಿಂದ ಚಾಕಿ ತರಬೇಕು, ನೀನು ಕಾರು ತಗೊಂಡು ಬಾ ಅಂದಳು. ಬತ್ತೀನಿ ಅಂದೆ. ಹೇಳಿದ ಸುಳ್ಳನ್ನು ನಿಜ ಮಾಡಲು ನನಗೆ ಒಂದು ತಿಂಗಳಿತ್ತು.

ಚಾಕಿ ಎಂದರೆ ಮರಿ ರೇಷ್ಮೆಹುಳು. ಮೊಟ್ಟೆ ಒಡೆದು ಬಂದ ಮೊದಲ ಹತ್ತು ದಿನ ಅದನ್ನು ಸಾಕುವುದು ನಾಜೂಕಿನ ಕೆಲಸ, ಅದಕ್ಕೇ ಬೇರೆ ಕೇಂದ್ರಗಳಿವೆ. ಹುಳು ಪೊರೆ ಬಿಡುವ ಮುಂಚೆ ಹಿಪ್ಪುನೇರಳೆ ಸೊಪ್ಪು ಮುಟ್ಟದೆ ಒಂದು ದಿನ ಮಲಗುತ್ತದೆ. ನಮ್ಮ ಕಡೆ ಅದನ್ನು ಜ್ವರ ಅನ್ನುತ್ತಾರೆ. ಎರಡನೇ ಜ್ವರಕ್ಕೆ ಮಲಗಿದಾಗ ರೈತರು ಅವನ್ನು ಮನೆಗೆ ತರುತ್ತಾರೆ, ಅದೂ ತಂಪು ಹೊತ್ತಿನಲ್ಲಿ. ಆ ಸಲ ಅಕ್ಕನ ಪಾಳಿ ಬಂದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಏಪ್ರಿಲ್ ಬಿಸಿಲಿನಲ್ಲಿ ಮಾಗಡಿಯಿಂದ ಅಕ್ಕೂರಿಗೆ ಹುಳು ಬರುವಷ್ಟರಲ್ಲಿ ಬಾಡಿಹೋಗುತ್ತವೆ. ಆಟೋ, ಟೆಂಪೋಗಳನ್ನು ಅಕ್ಕ ನಂಬುವುದಿಲ್ಲ. ನಿನ್ನೆ ಅದರಲ್ಲಿ ಟೊಮೇಟೊಗೆ ಹೊಡೆಯುವ ಔಷಧಿ ಹೋಗಿರುತ್ತದೆ, ಇವತ್ತು ನನ್ನ ಹುಳು ಬಂದರೆ ಗತಿಯೇನು ಎನ್ನುತ್ತಾಳೆ.

ಆ ಸಲದ ಹುಳುವಿನ ಬೆಳೆಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅಕ್ಕನ ಸೊಸೆ ದೊಡ್ಡಮಳೂರಿನ ಹುಡುಗಿ, ಬಿ.ಕಾಂ. ಓದಿದವಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ಬಿಡದಿಯ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಾನೆ, ಭಾವ ಕುರಿ ಮತ್ತು ಹೊಲ ನೋಡಿಕೊಳ್ಳುತ್ತಾರೆ, ಹುಳು ಮನೆ ಮಾತ್ರ ಪೂರ್ತಿ ಅಕ್ಕನದು. ಅಕ್ಕನ ಹುಳು ಮನೆಯೊಳಗೆ ಹೋಗುವುದು ಸುಲಭವಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ಅದ್ದಬೇಕು. ಮುಖಕ್ಕೆ ಪೌಡರು, ಬಟ್ಟೆಗೆ ಸೆಂಟು ಇರಬಾರದು. ಮನೆಯಲ್ಲಿ ಊದುಬತ್ತಿ ಹಚ್ಚಿದ ದಿನ ಅಕ್ಕ ದೇವರಿಗೂ ಬೇರೆ ಸೀರೆಯುಟ್ಟು ಕೈ ಮುಗಿಯುತ್ತಾಳೆ. ಎರಡು ವರ್ಷ ಸೊಸೆಗೆ ಸಿಕ್ಕಿದ್ದು ಹೊರಗೆ ಸೊಪ್ಪು ಕತ್ತರಿಸುವ ಕೆಲಸ. ಬಹಳ ಕೇಳಿಕೊಂಡ ಮೇಲೆ, ಈ ಬೆಳೆ ನೀನು ನೋಡು ಎಂದು ಅಕ್ಕ ಒಪ್ಪಿದ್ದಳು. ಇದು ಚೆನ್ನಾಗಿ ಬಂದರೆ ಹುಳು ಮನೆಯಲ್ಲಿ ಅವಳಿಗೂ ಒಂದು ಜಾಗ ಎಂದು ಎಲ್ಲರಿಗೂ ಗೊತ್ತಿತ್ತು. ಅತ್ತೆಯ ತಮ್ಮನಾದ ನಾನು ವರಸೆಯಲ್ಲಿ ಅವಳಿಗೆ ಚಿಕ್ಕಪ್ಪ. "ಚಿಕ್ಕಪ್ಪ, ಜೋಪಾನವಾಗಿ ತಂದ್ಬುಡಿ" ಎಂದು ಎರಡು ಸಲ ಫೋನ್ ಮಾಡಿದ್ದಳು.

ನಾನು ಮೊದಲ ಭಾನುವಾರ ಫ್ಯೂಸು, ರಿಲೇ ನೋಡಿದೆ. ಎರಡೂ ಸರಿಯಿದ್ದವು. ಇಂಜಿನ್ ಚಾಲೂ ಮಾಡಿ ಏಸಿ ಗುಂಡಿ ಒತ್ತಿದಾಗ ಕಂಪ್ರೆಸರಿನ ಮುಂದಿನ ತಟ್ಟೆ ಟಕ್ಕೆಂದು ಅಂಟಿಕೊಂಡು ತಿರುಗಬೇಕು. ಅದು ಸುಮ್ಮನಿತ್ತು. ವೈರನ್ನು ಬೆರಳಿನಿಂದ ಹಿಡಿದುಕೊಂಡೇ ಹೋದೆ. ಒಂದು ಗೇಣು ಹೋಗುವಷ್ಟರಲ್ಲಿ ಸಿಕ್ಕಿತು. ಇಲಿ ಕಡಿದಿತ್ತು, ಎರಡು ಎಳೆ ತಾಮ್ರ ಮಾತ್ರ ಉಳಿದಿದ್ದವು. ಅದನ್ನು ಬೆಸುಗೆ ಹಾಕಿ ಟೇಪ್ ಸುತ್ತಿದ ಮೇಲೆ ಟಕ್ ಎಂದಿತು. ಮನೆಯೊಳಗಿದ್ದ ಹೆಂಡತಿಯನ್ನು ಕರೆದು ಆ ಶಬ್ದ ಕೇಳಿಸಿದೆ. ಅವಳು ಕೇಳಿಸಿಕೊಂಡು, ಅನ್ನಕ್ಕೆ ಇಟ್ಟಿದ್ದೀನಿ ಎಂದು ಒಳಗೆ ಹೋದಳು.

ಎರಡನೇ ಭಾನುವಾರ ಡ್ಯಾಶ್‌ಬೋರ್ಡಿನ ಎಡಗಡೆಯ ಡಬ್ಬಿ ಬಿಚ್ಚಿದೆ. ಗಾಳಿ ಸೋಸುವ ಫಿಲ್ಟರ್ ಅದರ ಹಿಂದೆ ಇರುತ್ತದೆ. ಫಿಲ್ಟರಿನ ಜಾಗದಲ್ಲಿ ಒಂದು ಸಂಸಾರವೇ ಇತ್ತು: ನೆಲ ಒರೆಸುವ ಬಟ್ಟೆಯ ಚೂರು, ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ, ಜೊತೆಗೆ ನಾನು ಹಿಂದಿನ ಸೀಟಿನಲ್ಲಿ ಇಟ್ಟು ಮರೆತಿದ್ದ ಕಿರುಪರೀಕ್ಷೆಯ ಉತ್ತರ ಪತ್ರಿಕೆಯ ಅರ್ಧ ಹಾಳೆ. ಅಂಕ ಕೊಡುವ ಮೊದಲೇ ಇಲಿ ತಿಂದಿತ್ತು. ಅದರ ಹಿಂದೆ ತಣ್ಣಗಾಗುವ ಕಾಯಿಲ್ ಧೂಳು, ನಾರು ಸೇರಿ ಕಂಬಳಿ ಹೊದ್ದಂತಿತ್ತು. ಹಳೆ ಹಲ್ಲುಜ್ಜುವ ಬ್ರಷ್ಷು, ನೀರು, ಮೂರು ಗಂಟೆ. ಹಳೆಯ ಫಿಲ್ಟರನ್ನು ಎಸೆದೆ. ಹೊಸದು ಚನ್ನಪಟ್ಟಣದಲ್ಲೂ ಇರಲಿಲ್ಲ, ರಾಮನಗರದಲ್ಲೂ ಇರಲಿಲ್ಲ. ತರಿಸುತ್ತೇನೆ ಎಂದು ಅಂಗಡಿಯವನು ಹೇಳಿದ್ದರಿಂದ ಅಲ್ಲಿಯವರೆಗೆ ಫಿಲ್ಟರ್ ಇಲ್ಲದೆಯೇ ಓಡಿಸಿದೆ. ಕಾಲೇಜಿನ ಪ್ರಯೋಗಾಲಯದ ಥರ್ಮಾಮೀಟರನ್ನು ಗಾಳಿ ಬರುವ ಕಂಡಿಯಲ್ಲಿ ಸಿಕ್ಕಿಸಿ ನೋಡಿದರೆ ಎಂಟು ಡಿಗ್ರಿ. ಗ್ಯಾರೇಜಿನವನ ಅಂಗಡಿಯ ಮುಂದೆ ಗಾಜು ಏರಿಸಿಕೊಂಡು ಎರಡು ಸಲ ಹಾದುಹೋದೆ. ಅವನು ಬೇರೆ ಗಾಡಿಯ ಕೆಳಗೆ ಮಲಗಿದ್ದ, ನೋಡಲಿಲ್ಲ.

ಇಲಿಗಳಿಗೆ ಮನೆ ಕಳೆದುಕೊಂಡ ಬೇಸರವೇನೂ ಇರಲಿಲ್ಲ. ಮೂರನೇ ದಿನ ಬಾನೆಟ್ ಎತ್ತಿದಾಗ ಹೊಸ ಕಡಲೆಕಾಯಿ ಸಿಪ್ಪೆ ಬಿದ್ದಿತ್ತು. ಎದುರು ಮನೆಯಲ್ಲಿ ಗೂಡ್ಸ್ ಆಟೋ ಓಡಿಸುವವನೊಬ್ಬನಿದ್ದಾನೆ. ಅವನು ಹಲ್ಲುಜ್ಜುತ್ತಾ ಬಂದು ನೋಡಿ, "ಹೊಗೆಸೊಪ್ಪು ಕಟ್ಬುಡಿ ಸಾ. ಇಲಿ ಇರ್ಲಿ, ಇಲಿಯಪ್ಪನೂ ಹತ್ರ ಸುಳಿಯಾಕಿಲ್ಲ" ಅಂದ. ಒಳ್ಳೆಯ ಉಪಾಯ ಅನ್ನಿಸಿತು. ಸಂತೆಯಿಂದ ಕಡ್ಡಿ ಹೊಗೆಸೊಪ್ಪು ತಂದು, ಒಣಗಿಸಿ, ಕೈಯಲ್ಲಿ ತಿಕ್ಕಿ ಪುಡಿ ಮಾಡಿ, ಹಳೆ ಪಂಚೆಯ ತುಂಡಿನಲ್ಲಿ ಮೂರು ಗಂಟು ಕಟ್ಟಿದೆ. ಒಂದನ್ನು ಬ್ಯಾಟರಿಯ ಪಕ್ಕ ಇಟ್ಟೆ. ಇನ್ನೆರಡನ್ನು ಮುಂದಿನ ಗಾಜಿನ ಬುಡದಲ್ಲಿ, ಹೊರಗಿನ ಗಾಳಿ ಏಸಿಯೊಳಕ್ಕೆ ನುಗ್ಗುವ ಕಂಡಿಯಲ್ಲಿ ಇಟ್ಟೆ. ಇಲಿ ಬರುವುದು ಆ ದಾರಿಯಲ್ಲೇ ಎಂದು ಲೆಕ್ಕ ಹಾಕಿ ಇಟ್ಟದ್ದು.

ಹೊಗೆಸೊಪ್ಪು ಹುಳಕ್ಕೆ ವಿಷ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನಮ್ಮಪ್ಪ ಹೊಗೆಸೊಪ್ಪು ಹಾಕುತ್ತಿದ್ದರು, ಅದಕ್ಕೇ ಅವರಿಗೆ ಅವರದೇ ಹುಳು ಮನೆಯೊಳಗೆ ಪ್ರವೇಶವಿರಲಿಲ್ಲ. ಕೊನೆಗೆ ಬಾಯಿಯ ಕ್ಯಾನ್ಸರಿನಿಂದ ಸತ್ತರು. ಆ ದಿನ ಅಕ್ಕ ನನ್ನ ಕೈ ಹಿಡಿದುಕೊಂಡು, ನೀನು ಅದನ್ನ ಮುಟ್ಟಬೇಡ ಎಂದು ಮಾತು ತೆಗೆದುಕೊಂಡಿದ್ದಳು. ಇಷ್ಟೆಲ್ಲ ಗೊತ್ತಿದ್ದೂ, ಬಾನೆಟ್ ಮುಚ್ಚಿದಾಗ ನನ್ನ ತಲೆಯಲ್ಲಿ ಇದ್ದದ್ದು ಇಲಿ ಮಾತ್ರ. ಹೊಗೆಸೊಪ್ಪು ಕಾರಿನ ವಿಚಾರ, ಹುಳು ಅಕ್ಕನ ವಿಚಾರ. ಎರಡನ್ನೂ ಒಟ್ಟಿಗೆ ಯೋಚಿಸುವ ಪ್ರಸಂಗ ಬರಲಿಲ್ಲ. ನನ್ನ ಮೂಗು ಸೈನಸ್ಸಿನಿಂದಾಗಿ ಹತ್ತು ವರ್ಷದಿಂದ ಅಷ್ಟಕ್ಕಷ್ಟೆ, ಸಾರು ಸೀದರೂ ಹೆಂಡತಿ ಹೇಳಿದ ಮೇಲೆ ತಿಳಿಯುವುದು. ಅವಳು ಆ ಎರಡು ವಾರ ಮಗಳ ಮನೆಯಲ್ಲಿದ್ದಳು.

ಚಾಕಿ ತರಲು ಗೊತ್ತುಮಾಡಿದ್ದ ದಿನ ಅಕ್ಕೂರಿಗೆ ಹೋಗಿ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಅವಳು ಒಗೆದ ಹತ್ತಿ ಸೀರೆಯುಟ್ಟು, ಹೂ ಮುಡಿಯದೆ ಬಂದಿದ್ದಳು. ರಾಮನಗರ ದಾಟುವಷ್ಟರಲ್ಲಿ, "ಕಿಟಕಿ ಒಸಿ ಇಳ್ಸ್ಲೇನಪ್ಪಾ?" ಅಂದಳು.

"ಏಸಿ ಹಾಕ್ದಾಗ ಕಿಟಕಿ ಇಳ್ಸಬಾರ್ದಕ್ಕ. ಬೇಕಾದ್ರೆ ಹೊರಗಿನ ಗಾಳಿ ಒಳಗೆ ಬರೋ ಹಂಗೆ ಮಾಡ್ತೀನಿ" ಎಂದು ಸಣ್ಣ ಗುಂಡಿಯನ್ನು ಸರಿಸಿದೆ. ಏಸಿ ಹೇಗೆ ಕೆಲಸ ಮಾಡುತ್ತದೆ ಎಂದು ಮಾಗಡಿಯವರೆಗೂ ಪಾಠ ಹೇಳಿದೆ. ಅಕ್ಕ ಸೆರಗನ್ನು ಮೂಗಿನ ಮೇಲೆ ಹಿಡಿದುಕೊಂಡು ಹೂಂ ಎನ್ನುತ್ತಿದ್ದಳು. ಚಳಿಯಾಗುತ್ತಿದೆ ಎಂದುಕೊಂಡೆ, ಹೆಮ್ಮೆಯಾಯಿತು.

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಚಾಕಿ ತಟ್ಟೆಗಳಿದ್ದವು. ಅಕ್ಕ ಮತ್ತೆ ಕಿಟಕಿಯ ಮಾತೆತ್ತಿದಳು. ಹೊರಗೆ ರಸ್ತೆಯ ಮೇಲೆ ಬಿಸಿಲು ಕುಣಿಯುತ್ತಿತ್ತು. "ನೀನು ಹುಳ ನೋಡ್ಕೋ, ಗಾಳಿ ನಾನು ನೋಡ್ಕತೀನಿ" ಅಂದೆ. ಅವಳು ಸೆರಗನ್ನು ಮತ್ತೆ ಮೂಗಿಗೆ ಎಳೆದುಕೊಂಡಳು. ಒಂದೂವರೆ ಗಂಟೆ ಹುಳುಗಳು ನಾನು ಕೈಯಾರೆ ರಿಪೇರಿ ಮಾಡಿದ ಏಸಿಯ ಗಾಳಿಯಲ್ಲಿ ತಣ್ಣಗೆ ಮಲಗಿ ಬಂದವು.

ಅಕ್ಕೂರಿನಲ್ಲಿ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ರಾತ್ರಿ ಕನಕಪುರದಲ್ಲಿ ಅವಳ ಗೆಳತಿಯ ಮದುವೆ ಊಟವಿತ್ತು, ಬೆಳಿಗ್ಗೆ ಬಸ್ಸಿನಲ್ಲಿ ವಾಪಸ್ ಬಂದು, ತಲೆಗೆ ನೀರು ಹಾಕಿಕೊಂಡು, ಹಳೆ ಬಟ್ಟೆ ಉಟ್ಟಿದ್ದಳು. ತಟ್ಟೆಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಇಬ್ಬರೂ ನನಗೆ ಊಟಕ್ಕೆ ಬಲವಂತ ಮಾಡಿದರು. ಉಪ್ಸಾರು ಮುದ್ದೆ ಉಂಡು ಬಂದೆ.

ಮೂರನೇ ದಿನ ಅಕ್ಕ ಫೋನ್ ಮಾಡಿದಳು. ಧ್ವನಿ ಸಣ್ಣಗಿತ್ತು.

"ಹುಳ ಹೋದ್ವು ಕಣಪ್ಪಾ."

"ಏನಾಯ್ತಕ್ಕ?"

"ಜ್ವರದಿಂದ ಎದ್ದೋವು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ಕಂಡು ಹಸ್ರುಗೆ ವಾಂತಿ ಮಾಡ್ಕಂಡ್ವು. ಮೈ ಕುಗ್ಗೋಯ್ತು. ತಿಪ್ಪೆಗೆ ಹಾಕ್ಬುಟ್ವಿ."

"ಯಾಕಂತೆ?"

ಅವಳು ಧ್ವನಿ ಇನ್ನೂ ತಗ್ಗಿಸಿದಳು. "ಸೊಸೆ ಮದ್ವೆ ಮನೆಯಿಂದ ಬಂದಿದ್ಲಲ್ಲ, ಸೆಂಟ್ ಹಾಕ್ಕಂಡಿದ್ದ ಕೈ. ಅದ್ರಲ್ಲೇ ತಟ್ಟೆ ಮುಟ್ಟವ್ಳೆ. ಇನ್ನೇನು ಹೇಳಾದು."

ತಲೆ ಎತ್ತಿಕೊಂಡು ಹಸಿರು ವಾಂತಿ ಎಂದಾಗಲೇ ನನಗೆ ಅಪ್ಪನ ನೆನಪು ಬಂದಿತ್ತು. ಚಿಕ್ಕಂದಿನಲ್ಲಿ, ಅಪ್ಪನಿಗೆ ಹುಳು ಮನೆಯ ಪ್ರವೇಶ ನಿಲ್ಲುವ ಮುಂಚೆ, ಒಂದು ಸಲ ಅವರು ಹೊಗೆಸೊಪ್ಪು ಮುಟ್ಟಿದ ಕೈ ತೊಳೆಯದೆ ಹುಳಕ್ಕೆ ಸೊಪ್ಪು ಹಾಕಿದಾಗ ಹುಳು ಹೀಗೆಯೇ ತಲೆ ಎತ್ತಿದ್ದವು. ಅವ್ವ ಅವತ್ತು ಒಲೆ ಹಚ್ಚಿರಲಿಲ್ಲ. ಫೋನ್ ಇಟ್ಟು ಕಾರಿನ ಹತ್ತಿರ ಹೋದೆ. ಗಾಜಿನ ಬುಡದ ಜಾಲರಿ ಬಿಚ್ಚಿದೆ. ಎರಡು ಗಂಟುಗಳಲ್ಲಿ ಒಂದನ್ನು ಇಲಿ ಕಡಿದು ಹರಿದಿತ್ತು. ಫಿಲ್ಟರ್ ಇಲ್ಲದ ಖಾಲಿ ಗೂಡಿಗೆ ಕೈ ಹಾಕಿದರೆ ಬೆರಳ ತುಂಬ ಕಂದು ಪುಡಿ ಬಂತು. ಏಸಿಯ ಕಂಡಿಯ ತುಟಿಯ ಮೇಲೂ ಅದೇ ಪುಡಿ ಸಣ್ಣಗೆ ಕೂತಿತ್ತು. ಬೆರಳನ್ನು ಮೂಗಿಗೆ ಒತ್ತಿ ಹಿಡಿದೆ. ನನ್ನ ಮೂಗಿಗೂ ಸಿಕ್ಕಿತು.

ತಕ್ಷಣ ಫೋನ್ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. ಆ ದಿನ ಕಾರು ತೊಳೆದೆ. ಮಾರನೆಯ ದಿನ ಮತ್ತೆ ತೊಳೆದೆ. ಕಾಯಿಲನ್ನು ಪುನಃ ಬಿಚ್ಚಿ, ನೀರು ಬಿಟ್ಟು, ಗಾಳಿ ಬರುವ ದಾರಿಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ. ಹೊಸ ಫಿಲ್ಟರ್ ಬಂತು, ಹಾಕಿದೆ. ಮಾಡಬೇಕಾದ ಒಂದು ಕೆಲಸ ಬಿಟ್ಟು ಉಳಿದದ್ದನ್ನೆಲ್ಲ ಬಹಳ ಅಚ್ಚುಕಟ್ಟಾಗಿ ಮಾಡಿದೆ. ಅಷ್ಟರಲ್ಲಿ ಅಕ್ಕನ ಮಗ ಫೋನಿನಲ್ಲಿ ಸಿಕ್ಕವನು, ಮನೆಯಲ್ಲಿ ಮಾತುಕತೆ ನಿಂತಿದೆ ಎಂದ. ಅವನ ಹೆಂಡತಿ ಅತ್ತು ಅತ್ತು, ನಾನು ಸೆಂಟೇ ಹಾಕಿಕೊಂಡಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದಾಳೆ, ಯಾರೂ ನಂಬಿಲ್ಲ. ಅವಳನ್ನು ಮತ್ತೆ ಹೊರಗೆ ಸೊಪ್ಪು ಕತ್ತರಿಸಲು ಕೂರಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ನಾವು ನಕ್ಕೊಂಡು ಹೇಳುತ್ತೇವೆ. ಆ ಎಮ್ಮೆ ಬಿ.ಕಾಂ. ಓದಿ, ನಮ್ಮದೇ ಮನೆಗೆ ಸೇರಿಕೊಂಡು, ನನ್ನನ್ನು ಚಿಕ್ಕಪ್ಪ ಎಂದು ಕರೆಯುತ್ತಿತ್ತು.

ಚಾಕಿ ತಂದ ಎಂಟನೇ ದಿನ ಬಸ್ಸಿನಲ್ಲಿ ಅಕ್ಕೂರಿಗೆ ಹೋದೆ. ಕಾರು ಒಯ್ಯಲು ಮನಸ್ಸಾಗಲಿಲ್ಲ. ಅಕ್ಕ ಜಗುಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ಸೊಸೆ ನೀರು ಕೊಟ್ಟಳು, ಕಾಫಿ ತಂದಳು, ಮುಖ ಎತ್ತಲಿಲ್ಲ. ಅವಳು ಒಳಗೆ ಹೋಗುವ ಮುಂಚೆಯೇ ಹೇಳಬೇಕೆಂದು ಲೋಟ ಕೆಳಗಿಟ್ಟೆ.

"ಅಕ್ಕ, ಹುಳ ಸತ್ತಿದ್ದು ನನ್ನಿಂದ. ಈ ಮಗೀದೇನೂ ತಪ್ಪಿಲ್ಲ. ಏಸಿ ಗಾಳಿ ಬರೋ ದಾರೀಲಿ ಇಲಿ ಬರ್ದಿರ್ಲಿ ಅಂತ ಹೊಗೆಸೊಪ್ಪು ಮಡಗಿದ್ದೆ. ಪುಡಿಯೆಲ್ಲ ಕಾರೊಳಕ್ಕೆ ಬಂದೈತೆ."

ಅಕ್ಕ ಬೈಯುತ್ತಾಳೆ ಎಂದು ಬಂದಿದ್ದೆ. ಬೈದರೆ ಏನು ಹೇಳಬೇಕು ಎಂದು ಬಸ್ಸಿನಲ್ಲಿ ಕೂತು ಯೋಚಿಸಿಯೂ ಇದ್ದೆ. ಅವಳು ಮೊರವನ್ನು ತೊಡೆಯ ಮೇಲಿಂದ ತೆಗೆದು, ನನ್ನ ಮುಖವನ್ನೇ ನೋಡಿದಳು. ಅವಳ ಮುಖ ಅರಳಿತು. ನಿಜವಾಗಿ ಅರಳಿತು.

"ಇಲಿಗಾ? ಇಲಿಗ್ ಮಡಗಿದ್ದೇನ್ಲಾ? ಅಯ್ಯೋ ನನ್ನಪ್ಪನೇ! ನೀನೇ ಹಾಕ್ಕಳಾದು ಕಲ್ತ್‌ಬುಟ್ಟಿದ್ದೀಯ ಅಂದ್ಕಂಡಿದ್ದೆ ಕಣ್ಲಾ. ಅಪ್ಪನ್ ತರಾನೇ ಆಯ್ತಾನೆ ಅಂತ ಎಂಟ್ ದಿನದಿಂದ ನಿದ್ದೆ ಮಾಡಿಲ್ಲ ನಾನು."

ಕಣ್ಣಲ್ಲಿ ನೀರು ಬಂದಿತ್ತು ಅವಳಿಗೆ. ನನ್ನ ಕೈ ಹಿಡಿದುಕೊಂಡಳು. ಕಾರಿನಲ್ಲಿ ಕೂತ ಕ್ಷಣವೇ ಅವಳಿಗೆ ವಾಸನೆ ಸಿಕ್ಕಿತ್ತು. ಐವತ್ತು ವರ್ಷ ಹುಳು ಸಾಕಿದ ಮೂಗು. ಆದರೆ ತಮ್ಮ ಮೇಷ್ಟ್ರು, ತಲೆ ನರೆತವನು, ರಜೆ ಹಾಕಿ ಬಂದಿದ್ದಾನೆ, ಬಾಯಿಬಿಟ್ಟು ಕೇಳಿದರೆ ನಾಚಿಕೊಳ್ಳುತ್ತಾನೆ ಎಂದು ಕಿಟಕಿಯ ನೆಪ ಹೇಳಿದ್ದಳು. ನಾನು ಆ ನೆಪಕ್ಕೂ ಪಾಠ ಮಾಡಿದ್ದೆ. ಹುಳು ಸತ್ತ ಮೇಲೆ, ತಮ್ಮನ ಹೊಗೆಸೊಪ್ಪಿನಿಂದ ಹೀಗಾಯಿತು ಎಂದು ಗಂಡ ಮಗನ ಮುಂದೆ ಹೇಳಿ ತವರಿನ ಮಾನ ಕಳೆಯಲು ಅವಳಿಂದ ಆಗಲಿಲ್ಲ. ಯಾರದಾದರೂ ಕೈ ತೋರಿಸಬೇಕಿತ್ತು, ಹತ್ತಿರದಲ್ಲಿ ಸೊಸೆಯ ಕೈ ಇತ್ತು.

ಇದೆಲ್ಲ ನನಗೆ ಅರ್ಥವಾಗುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದ ಹುಡುಗಿಗೆ ಅರ್ಥವಾಗಿತ್ತು.

"ಅತ್ತೆ, ಹಂಗಾರೆ ನಿಮ್ಗೆ ಕಾರಲ್ಲೇ ವಾಸ್ನೆ ಬಂದಿತ್ತಾ?"

ಅಕ್ಕ ನನ್ನ ಕೈ ಬಿಟ್ಟಳು. ಮೊರ ಎಳೆದುಕೊಂಡು ಎರಡು ಕಾಳು ಆರಿಸಿದಳು. ಒಳ್ಳೆಯ ಕಾಳನ್ನೇ ಹುಳುಕಿನ ಕಡೆಗೆ ಹಾಕಿದಳು.

"ಬಂದಿತ್ತು ಕಣವ್ವ" ಅಂದಳು.

ಹುಡುಗಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ನನಗೆ ನಾಚಿಕೆಯಾಯಿತು. ಸತ್ಯ ಹೇಳಿದರೆ ಮನೆ ಸರಿಹೋಗುತ್ತದೆ ಎಂದುಕೊಂಡು ಬಂದಿದ್ದೆ. ಎದೆ ಹಗುರ ಮಾಡಿಕೊಂಡವನು ನಾನೊಬ್ಬ. ನನ್ನ ಎದೆಯ ಮೇಲಿದ್ದದ್ದನ್ನು ಅಕ್ಕನ ತಲೆಯ ಮೇಲಿಟ್ಟು ಮಧ್ಯಾಹ್ನದ ಬಸ್ ಹಿಡಿದೆ. ಯಾವಾಗಲೂ ರಸ್ತೆಯವರೆಗೆ ಬರುವ ಅಕ್ಕ ಅವತ್ತು ಜಗುಲಿಯಿಂದ ಏಳಲಿಲ್ಲ.

ಜೂನಿನಲ್ಲಿ ಎರಡು ಮಳೆ ಬಿದ್ದ ಮೇಲೆ ಸೊಸೆ ಫೋನ್ ಮಾಡಿದಳು. ಅಷ್ಟು ದಿನವೂ ಆ ಮನೆಯಿಂದ ಯಾರೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ.

"ಚಿಕ್ಕಪ್ಪ, ಗುರುವಾರ ಚಾಕಿ ತರ್ತಾ ಇದೀನಿ."

"ಕಾರು ತರ್ಲೇನವ್ವ? ಎಲ್ಲಾ ಬಿಚ್ಚಿ ತೊಳ್ದಿದೀನಿ. ಹೊಸ ಫಿಲ್ಟರೂ ಹಾಕ್ಸಿದೀನಿ. ವಾಸ್ನೆ ಇಲ್ಲ."

"ಬ್ಯಾಡ ಚಿಕ್ಕಪ್ಪ. ಬೆಳಗಿನ ಜಾವಕ್ಕೆ ಆಟೋ ಹೇಳಿದೀನಿ. ಹಿಂದಿನ ದಿನ ನಾನೇ ನಿಂತ್ಕಂಡು ಬ್ಲೀಚಿಂಗ್ ಹಾಕಿ ತೊಳಿಸ್ತೀನಿ. ಹುಳ ಹಣ್ಣಾಗಿ ಗೂಡು ಕಟ್ಟೋಗಂಟ ನೀವು ಈ ಕಡೆ ಬರ್ಬ್ಯಾಡಿ, ಅದನ್ನ ಹೇಳಾನ ಅಂತ ಮಾಡ್ದೆ."

ಸರಿ ಎಂದೆ. ಮಾತಿನಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯೂ ಕಡಿಮೆಯಾಗಿರಲಿಲ್ಲ. ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ.

"ಚೆನ್ನಾಗವ್ರೆ. ಸೊಪ್ಪು ಕತ್ತರಿಸ್ತಾವ್ರೆ. ನಾನು ಕರೆಯೋಗಂಟ ಹುಳು ಮನೆ ಒಳಕ್ಕೆ ಬರ್ಬ್ಯಾಡಿ ಅಂದಿದೀನಿ, ಬತ್ತಾ ಇಲ್ಲ. ಇಲ್ಲೇ ಹೊರಗೆ ಕೂತವ್ರೆ, ಕೊಡ್ಲಾ ಫೋನು?"

ಆ ಕಡೆ ಸೊಪ್ಪು ಕತ್ತರಿಸುವ ಸದ್ದು ನಿಂತಿತು. ಅಕ್ಕ ಕಿವಿ ಇತ್ತ ಕೊಟ್ಟು ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ನನ್ನ ಮಾನ ಕಾಯಲು ಹೋಗಿ ಅವಳು ಹುಳು ಮನೆಯನ್ನೇ ಕಳೆದುಕೊಂಡಿದ್ದಳು.

"ಬ್ಯಾಡ ಬಿಡವ್ವ" ಅಂದೆ.